ಒಂದು ಕೈಗೆ ಬಳಿ ಇಟ್ಟು ಕೂಡೋ ಬೂಬು

ಬೂಬು ನಮ್ಮ ಓಣಿಗೆ ಬರೋದು ನಿಂತಾಗ ನನಗ ಅರವತ್ತೆರಡು. ಆ ಮಾತಿಗೆ ಈಗ ಎಂಟು ವರ್ಷ ಆತು. ಆಕಿ ನನಕಿಂತ ಸಣ್ಣಾಕಿ ಇರಬೇಕು, ಆದರ ನೋಡಿದವರು ಆಕೀನೇ ಹಿರೀಕಿ ಅಂತಿದ್ದರು. ಬಿಸಲಾಗ ತಿರುಗಿ ತಿರುಗಿ ಮಾರಿ ಸುಟ್ಟಿತ್ತು. ಬಳಿ ಮಾರೋಕಿ. ಊರು ಹುಮನಾಬಾದ. ವಾರಕ್ಕೊಮ್ಮಿ ಬಸ್ಸು ಹತ್ತಿ ಬಸವಕಲ್ಯಾಣಕ್ಕ ಬಂದು, ಕೋಟಿ ಕಡೆ ಹೋಗೋ ನಮ್ಮ ಓಣಿಗೆ ಬಿಸಲು ಏರೋದರೊಳಗ ಮುಟ್ಟತಿದ್ದಳು. ಮುಸಲ್ಮಾನರಾಕಿ ಅಂತ ಓಣಿ ಮಂದಿ ಎಲ್ಲಾ ಬೂಬು ಅಂತಿದ್ದರು. ಹೆಸರು ನನಗ ಗೊತ್ತದ, ಇಲ್ಲಿ ಬರಿಯೋದಿಲ್ಲ. ಆಕಿ ಮಗ ಇದ್ದಾನ, ಬೀಗರು ಇದ್ದಾರ. ಅವರಿಗೆ ಇದು ಬ್ಯಾಡ.

ಹೋದ ತಿಂಗಳು ತೀರಿಕೊಂಡಳು. ಸಕ್ಕರಿ ಬ್ಯಾನಿ, ಕಾಲಿಗೆ ಹುಣ್ಣಾಗಿತ್ತಂತ. ಸುದ್ದಿ ಹೇಳಿದಾಕಿ ಈಗ ನಮ್ಮ ಓಣಿಗೆ ಬರೋ ಬ್ಯಾರೆ ಬಳಿಗಾರಕಿ. "ಮೊದಲು ಇಲ್ಲಿಗೆ ತಂತಿ ಬೂಬು ಅಂತ ಒಬ್ಬಾಕಿ ಬರ್ತಿದ್ದಳಲ್ರಿ, ಆಕಿ ಹೋದಳು" ಅಂದಳು. ನಾ ಹುಣಸಿಹಣ್ಣಿನ ಬೀಜ ತಗಿಯಾಕತ್ತಿದ್ದೆ. ತಗಿಯೋದು ನಿಲ್ಲಿಸಲಿಲ್ಲ. ನನಗ ಲಗೂನ ಅಳು ಬರೋದಿಲ್ಲ, ಗಂಡ ಸತ್ತಾಗ ಸೈತ ಮೂರನೇ ದಿನಕ್ಕ ಬಂತು. ಆದರ ಆವತ್ತಿನಿಂದ ಆಕಿ ಕೈ ಕಣ್ಣಿಗೆ ಕಟ್ಟೇದ.

ಕೈ ಅಂದರ ಕೈ. ದಪ್ಪ ಬೆರಳು, ಗಂಡಸರ ಉಗುರು. ಅಂಥಾ ಕೈಲೆ ಗಾಜಿನ ಬಳಿ ಹಿಡಿದರ ಒಂದೂ ಒಡೀತಿರಲಿಲ್ಲ. ಮೊದಲು ನಿನ್ನ ಕೈ ಹಿಡಿದು ಹಿಟ್ಟು ನಾದಿದಂಗ ನಾದತಿದ್ದಳು. ಹೆಬ್ಬೆರಳಿನ ಬುಡ ಒಳಗ ಒತ್ತತಿದ್ದಳು. ನಡುವ ಏನರೆ ಮಾತು ತಗೀತಿದ್ದಳು: ನಿನ್ನಿ ಬಸ್ಸಿನ್ಯಾಗ ಕಂಡಕ್ಟರ್ ಹ್ಯಾಂಗ ಬೈದ, ತನ್ನ ಗಂಟು ಸೀಟಿನ ಮ್ಯಾಲ ಇಟ್ಟಿದ್ದಕ್ಕ ಒಬ್ಬ ಮಾಸ್ತರ ಹ್ಯಾಂಗ ನಿಂತೇ ಬಂದ. ನೀ ನಗಬೇಕು, ನಕ್ಕಾಗ ಕೈ ಸಡಲ ಆಗಬೇಕು, ಅಷ್ಟರಾಗ ಬಳಿ ಒಳಗ ಹೋಗಿರಬೇಕು. ಬಿಗಿ ಹಿಡಿದವರಿಗೆ, "ಈ ಕೈ ಈಗ ನಂದು ಅನ್ಕೋರಿ. ಆಮ್ಯಾಲ ನಿಮ್ಮದು ನಿಮಗ ಕೊಡ್ತೀನಿ" ಅಂತಿದ್ದಳು. ಕೊಡತನ ಅದು ಆಕೀದೇ.

ಈಗಿನ ಹುಡಿಗ್ಯಾರು ಪ್ಲಾಸ್ಟಿಕ್ಕಿನ ಬಳಿ, ತಗಡಿನ ಬಳಿ ತಾವೇ ಏರಿಸಿಕೋತಾರ. ಆದರ ಪಂಚಮಿಗೆ, ಲಗ್ನಕ್ಕ, ಬಸರಿ ಕುಬಸಕ್ಕ ಗಾಜಿನವೇ ಬೇಕು. ಅವನ್ನ ಇಡಾಕ ಕೈ ಬಲ್ಲವರೇ ಬೇಕು. ಅದಕ್ಕ ಆಕಿ ಬಾಳೇವು ನಡೀತಿತ್ತು.

ಇಷ್ಟೇ ಆಗಿದ್ದರ ಆಕೀನ್ನ ಯಾರೂ ನೆನಸತಿರಲಿಲ್ಲ. ಬಳಿಗಾರಕ್ಯಾರು ಬರ್ತಾರ, ಹೋಗ್ತಾರ. ಆಕೀನ್ನ ನೆನಸೋದು ಆಕಿ ಒಂದು ಚಾಳಿಗೆ. ಒಂದು ಕೈಗೆ ಬಳಿ ಇಟ್ಟು ಇನ್ನೊಂದು ಕೈ ಹಂಗೇ ಬಿಟ್ಟು ಕೂಡತಿದ್ದಳು. ಅಂಗಳದಾಗಿನ ಅರಿವಿ ಒಣಹಾಕೋ ತಂತಿ ಕಡೆ ಗೋಣು ತಿರುಗಿಸಿ, "ಅದನ್ನ ಬಿಚ್ಚರಿ, ಆಮ್ಯಾಲ ಈ ಕೈ" ಅಂತಿದ್ದಳು.

ಮೊದಲ ಸಲ ಮಾಡಿದ್ದು ಎದುರು ಮನಿ ಗೌಂಡಿ ಹೆಂಡತಿಗೆ. ಪಂಚಮಿ ಹತ್ತಿರ ಬಂದಿತ್ತು. ಆಕಿ ಬಲಗೈ ತುಂಬ ಬಳಿ, ಎಡಗೈ ಬೋಳು. ಗೌಂಡಿ ಹೆಂಡತಿ ಚ್ಯಾಷ್ಟಿ ಅಂದುಕೊಂಡು ನಕ್ಕಳು. ಬೂಬು ನಗಲಿಲ್ಲ. ಗಂಟು ಕಟ್ಟಿ ಎದ್ದು ನಿಂತಳು.

"ಏ ಬೂಬು, ಹಿಂಗ ಅರ್ಧಕ್ಕ ಬಿಟ್ಟು ಹೋಗ್ತಿ ಏನು?"

"ತಂತಿ ಬಿಚ್ಚರಿ ಅಕ್ಕಾ."

"ತಂತಿ ನಿಂಗೇನ್ ಮಾಡೇದ?"

"ನನಗ ಮಾಡೋದು ಮಾಡಿ ಆಗೇದ. ನಿಮಗ ಮಾಡಬಾರದು."

ಮುತ್ತೈದಿ ಹೆಣಮಗಳು ಒಂದು ಕೈ ಬೋಳು ಇಟ್ಟುಕೊಂಡು ಓಣ್ಯಾಗ ಅಡ್ಡಾಡಂಗಿಲ್ಲ. ನೋಡಿದವರು ಗಂಡನ ಆರೋಗ್ಯ ಕೇಳ್ತಾರ. ಗೌಂಡಿ ಹೆಂಡತಿ ಸೆರಗಿನಾಗ ಕೈ ಮುಚ್ಚಿಕೊಂಡು ಗಂಡಗ ಹೇಳಿ ಕಳಿಸಿದಳು. ಆವ ಸಿಮೆಂಟು ಮೈಲೇ ಬಂದು, ಬೂಬುಗೂ ಬೈದು, ಹೆಂಡತಿಗೂ ಬೈದು, ಪಕ್ಕಡ್ ತಗೊಂಡು ತಂತಿ ಕಿತ್ತ. ಬೂಬು ನೆಲಕ್ಕ ಕುಂತು ಎಡಗೈ ಹಿಡಿದಳು. ತನ್ನ ಗಂಟಿನೊಳಗಿಂದ ಪ್ಲಾಸ್ಟಿಕ್ ಹಗ್ಗದ ಸುರುಳಿ ತಗದು, "ಇದನ್ನ ಕಟ್ರಿ" ಅಂದಳು. ಬಳಿ ಜೋಡಿ ಹಗ್ಗಾನೂ ಹೊತ್ತು ತಿರುಗೋದು ಅವತ್ತಿನಿಂದ ಸುರು.

ಆಮ್ಯಾಲ ಓಣಿಗೆ ಆಕಿ ಬಂದಳಂದರ ಹೆಣಮಕ್ಕಳು ಮೊದಲು ತಮ್ಮ ಅಂಗಳ ನೋಡಿಕೋತಿದ್ದರು. ಕಂಪೌಂಡರ್ ಹೆಂಡತಿ ತಂತಿ ಬಿಚ್ಚಿ ಮುಚ್ಚಿಟ್ಟು, ಬಳಿ ಇಡಿಸಿಕೊಂಡು, ಬೂಬು ತಿರುವಿಗೆ ಹೋಗೂದರೊಳಗ ತಿರುಗಿ ಕಟ್ಟಿದಳು. ಮುಂದಿನ ವಾರ ಅದು ಗೊತ್ತಾತು. ಬೂಬು ಆಕಿ ಮನಿ ಮುಂದ ನಿಲ್ಲಲೇ ಇಲ್ಲ. ಎರಡು ಹಬ್ಬ ಆಕಿಗೆ ಬಳಿ ಇಲ್ಲ. ಕಡೀಗೆ ಆಕೀನೇ ಹಗ್ಗ ಕಟ್ಟಿ, ಬೂಬುನ ಕೈ ಹಿಡಿದು ಜಗ್ಗಿ ಒಳಗ ಕರಕೊಂಡು ಬಂದು ತೋರಿಸಿದಳು.

ಹಂಗಂತ ಆಕಿಗೆ ಕರೆಂಟಿನ ಬಗ್ಗೆ ಏನರೆ ತಿಳೀತಿತ್ತು ಅಂತ ಅಲ್ಲ. ಏನೂ ತಿಳೀತಿರಲಿಲ್ಲ. ಟಿವಿ ವಾಯರಿಗೂ ಹೆದರತಿದ್ದಳು. ಫೋನ್ ಚಾರ್ಜಿಗೆ ಹಾಕಿದ್ದು ಕಂಡರ ಆ ಗ್ವಾಡಿ ಬಿಟ್ಟು ಈ ಗ್ವಾಡಿಗೆ ಕೂಡತಿದ್ದಳು. ಯಾರದರೆ ಮನಿ ಬೆಲ್ಲಿನ ಗುಂಡಿ ಒತ್ತು ಅಂದರ, ಬಾಗಲಾ ಬಡೀತಿದ್ದಳು. ಒಮ್ಮಿ ಗೌಂಡಿ ಮಗಳು ಆಟದ ಬ್ಯಾಟರಿ ಗೊಂಬಿ ಆಕಿ ಮಡಲಾಗ ಇಟ್ಟಳು, ಬೂಬು ಜಿಗಿದ ಜಿಗಿತಕ್ಕ ಬಳಿ ಗಂಟು ಕಟ್ಟಿಯಿಂದ ಕೆಳಗ ಬಿತ್ತು. ಓಣಿ ತುಂಬ ಒಂದು ವಾರ ಅದೇ ನಗಿ. ಆಕೀನೂ ನಕ್ಕಳು. ಅಪಾಯ ಯಾವುದು, ಯಾವುದು ಅಲ್ಲ ಅಂತ ಆಕಿ ಬಗೀತಿರಲಿಲ್ಲ, ಎಲ್ಲದಕ್ಕೂ ಹೆದರತಿದ್ದಳು. ಆದರ ತಂತಿ ವಿಷಯದಾಗ ಮಾತ್ರ ಹೆದರೋಕಿ ಹೋಗಿ ಹೆದರಸೋಕಿ ಆಗ್ತಿದ್ದಳು.

ಈ ಚಾಳಿ ಆಕಿಗೆ ಮೊದಲಿಂದ ಇರಲಿಲ್ಲ. ಯಾವಾಗ ಬಂತು ಅಂತ ಓಣ್ಯಾಗ ನನಗೊಬ್ಬಾಕಿಗೇ ಗೊತ್ತು.

ಒಂದು ಮಳಿಗಾಲ ಆಕಿ ಬಹಳ ದಿನ ಬರಲಿಲ್ಲ. ಮಂದಿ, ಆರಾಮಿಲ್ಲೇನೋ ಅಂದರು. ಆಮ್ಯಾಲ ಬಂದಳು. ನಮ್ಮ ಕಟ್ಟಿಗೆ ಕುಂತಳು. ನನಗ ಬಳಿ ಬೇಕಾಗಿಲ್ಲ, ಗಂಡ ಸತ್ತು ಆಗಲೇ ಬಹಳ ವರ್ಷ ಆಗಿತ್ತು. ಯಾಪಾರ ಇಲ್ಲದ ಮನಿ ಅಂತಲೇ ಆಕಿ ನಮ್ಮ ಕಟ್ಟೀ ಮ್ಯಾಲ ಕುಂತು ರೊಟ್ಟಿ ಗಂಟು ಬಿಚ್ಚತಿದ್ದಳು. ನನ್ನ ಬಾಯಿ ಅಂತ ಮರ್ಯಾದಿಲೆ ಕರೀತಿದ್ದಳು. ಅವತ್ತು ಗಂಟು ಬಿಚ್ಚಲಿಲ್ಲ.

ಹುಮನಾಬಾದದಾಗ ಆಕೀದು ಕಲ್ಲಿನ ಗ್ವಾಡಿ, ಮ್ಯಾಲ ತಗಡಿನ ಮನಿ. ನಮ್ಮ ಕಡೆ ಇಂಥಾ ಮನಿಗೆ ಮೊಳಿ ಹಿಡಿಯಂಗಿಲ್ಲ. ಕಲ್ಲಿಗೆ ಹೊಡದರ ಮೊಳಿ ಸೊಟ್ಟ ಆಗ್ತದ, ಸಂದಿಗೆ ಹೊಡದರ ಮಣ್ಣು ಉದರತದ. ಇಡೀ ಮನ್ಯಾಗ ಗಟ್ಟಿ ನಿಂತದ್ದು ಅಂದರ ಒಂದೇ, ಕಂಬದಿಂದ ಬರೋ ಕರೆಂಟಿನ ವಾಯರು ಒಳಗ ಇಳಿಯೋ ಕಬ್ಬಿಣದ ಪೈಪು. ಅದಕ್ಕ ಎಲ್ಲಾರೂ ಅರಿವಿ ತಂತಿಯ ಒಂದು ತುದಿ ಆ ಪೈಪಿಗೇ ಕಟ್ಟತಾರ. ಆಕೀನೂ ಕಟ್ಟಿದ್ದಳು. ಪೈಪಿನೊಳಗ ವಾಯರಿನ ರಬ್ಬರು ಬಿಸಲಿಗೆ ಒಣಗಿ ಸೀಳಿತ್ತಂತ. ಅದು ಹೊರಗ ಕಾಣೋದಲ್ಲ.

ಮೋಡ ಹಾಕಿತ್ತು. ಬೂಬು ಒಳಗ ಬಳಿ ಜೋಡಿ ಹೊಂದಸಾಕತ್ತಿದ್ದಳು. ಹನಿ ಸುರು ಆತು. ಸೊಸಿ, "ಅಮ್ಮೀ, ಮಳಿ ನಿಂತ ಮ್ಯಾಲ ಅರಿವಿ ತರ್ತೀನಿ" ಅಂದಳು. ಬೂಬು, "ಒಣಗಿದ್ದು ತೋಯ್ತಾವ, ಈಗೇ ತಗೊಂಡ ಬಾ" ಅಂದಳು. ಹುಡುಗಿ ಬರಿಗಾಲಿಲೆ ಹೋದಳು. ಕೂಗು ಕೇಳಲಿಲ್ಲ. ಬಹಳ ಹೊತ್ತಾತಲ್ಲ ಅಂತ ಬೂಬು ಹೊರಗ ಬಂದು ನೋಡಿದರ ಹುಡುಗಿ ತಂತಿ ಹಿಡಿದು ನೆಲಕ್ಕ ಬಿದ್ದಿದ್ದಳು, ತಂತಿ ಜಗ್ಗಿ ಕೆಳಗ ಬಂದಿತ್ತು, ಅರಿವಿ ಎಲ್ಲಾ ಮೈ ಮ್ಯಾಲ. ಮುಟ್ಟಾಕ ಹೊಂಟ ಬೂಬುನ್ನ ಬಾಜೂ ಮನ್ಯಾವ ಜಡಿ ಹಿಡಿದು ಹಿಂದ ಎಳದನಂತ. ಅದಕ್ಕ ಬೂಬು ಉಳದಳು.

ಇದನ್ನೆಲ್ಲ ಆಕಿ ಅಳದಂಗ ಹೇಳಿದಳು. ಆಮ್ಯಾಲ ಅಂದಳು:

"ಎಲ್ಲಾರೂ ಅಲ್ಲಾನ ಮರ್ಜಿ ಅಂತಾರ್ರಿ ಬಾಯಿ. ಮಗ ಅಂತಾನ, ಮಸೂತಿ ಹಿರ್ಯಾರು ಅಂತಾರ. ಹುಡುಗಿ ತವರು ಚಿಟಗುಪ್ಪ. ಆಕಿ ತಾಯಿ ಬಂದು ನನ್ನ ಕೈ ಹಿಡಿದು, ನಿಮ್ಮ ಕೈಯಾಗ ಏನಿತ್ತು ಬೆಹೆನ್ ಅಂದಳು. ನನ್ನ ಕೈಯಾಗ ತಂತಿ ಇತ್ತಲ್ರಿ. ನಾನೇ ಕಟ್ಟಿದ್ದು. ಅದನ್ನ ಒಬ್ಬರೂ ಅನ್ನವಲ್ಲರು."

ಆಮ್ಯಾಲ ನನ್ನ ಕಡೆ ತಿರುಗಿದಳು.

"ನೀವು ಮಾರಿ ನೋಡಿ ಮಾತಾಡೋರಲ್ಲ. ನೀವು ಹೇಳ್ರಿ. ಹುಡುಗಿ ನನ್ನಿಂದ ಸತ್ತಳೋ, ಇಲ್ಲೋ?"

"ಪೈಪಿಗೆ ಕಟ್ಟಬ್ಯಾಡ ಅಂತ ಯಾರರೆ ಹೇಳಿದ್ದರೇನು?"

"ಮಗ ಒಮ್ಮಿ ಹೇಳಿದ್ದ. ಹಂಗಾರ ನಿನ್ನ ತಲಿಗೆ ಕಟ್ಟಲೇನು ಅಂತ ನಾನೇ ಬೈದಿದ್ದೆ."

"ಮಳ್ಯಾಗ ಕಳಿಸಿದವರ್ಯಾರು?"

"ನಾನೇ."

"ಹಂಗಾರ ನಿನ್ನಿಂದಾನೇ ಸತ್ತಳು."

ಹಂಗೇ ಅಂದೆ. ಸುತ್ತೀ ಬಳಸಿ ಹೇಳಾಕ ನನಗ ಬರೋದಿಲ್ಲ. ಆಕಿ ಗೋಣು ಹಾಕಿದಳು. ನೀರು ಕೇಳಿ ಕುಡದಳು. ಗಂಟು ಬಿಚ್ಚಿ ಅರ್ಧ ರೊಟ್ಟಿ ತಿಂದಳು. ಬಹಳ ದಿನದ ಮ್ಯಾಲ ತಿಂದಳೇನೋ, ನುಂಗೋದು ಕಷ್ಟ ಆಗ್ತಿತ್ತು. "ಚಲೋ ಆತ್ರಿ ಬಾಯಿ" ಅಂದು ಎದ್ದಳು. ಗೌಂಡಿ ಹೆಂಡತಿಯ ಎಡಗೈ ಬೋಳು ಬಿಟ್ಟದ್ದು ಅದರ ಮುಂದಿನ ವಾರ.

ನಾ ಹೇಳಿದ್ದು ತಪ್ಪು ಅಂತ ನನಗ ಇವತ್ತಿಗೂ ಅನ್ನಿಸಿಲ್ಲ. ಆಕಿ ಕೇಳಿದಳು, ಇದ್ದದ್ದು ಹೇಳಿದೆ. ನನ್ನ ಹೊಟ್ಟಿ ಸುಡೋದು ಬ್ಯಾರೆದಕ್ಕ.

ನಮ್ಮ ಅಂಗಳದಾಗೂ ಅಂಥಾದೇ ತಂತಿ ಇತ್ತು, ಅಂಥಾದೇ ಪೈಪಿಗೆ. ಆಕಿ ಕುಂತು ಇದನ್ನೆಲ್ಲ ಹೇಳೋ ಮುಂದ ಆಕಿ ತಲಿ ಮ್ಯಾಲ ನನ್ನ ಎರಡು ಸೀರಿ ಜೋತಾಡಾಕತ್ತಿದ್ದವು. ಆಕಿ ನೋಡಿದಳು, ನಾ ನೋಡಿದೆ. ನಾ ಅದನ್ನ ಬಿಚ್ಚಲಿಲ್ಲ. ಯಾಕ ಅಂದರ, ಚಲೋ ತಂತಿ. ಉದ್ದ ಇತ್ತು, ತೋಯ್ದ ಕೌದಿ ಹಾಕಿದರೂ ಬಾಗತಿರಲಿಲ್ಲ. ಪ್ಲಾಸ್ಟಿಕ್ ಹಗ್ಗ ಜೋತು ಬೀಳ್ತದ, ಸೀರಿ ನೆಲಕ್ಕ ಹತ್ತತದ. ಇನ್ನೊಂದು, ಇಷ್ಟು ವರ್ಷ ಏನೂ ಆಗಿರಲಿಲ್ಲ. ಏನೂ ಆಗದ ತಂತಿ ಯಾಕ ಬಿಚ್ಚಬೇಕು ಅನ್ನೋದು ನನ್ನ ಲೆಕ್ಕ. ಆಕೀದಕ್ಕೂ ಆ ದಿನದ ತನಕ ಏನೂ ಆಗಿರಲಿಲ್ಲ ಅಂತ ನನಗ ಹೊಳೀಲಿಲ್ಲ ಅಂದರ ಸುಳ್ಳು. ಹೊಳದಿತ್ತು.

ವಾರಾ ವಾರಾ ಕೇಳ್ತಿದ್ದಳು.

"ಬಾಯಿ, ನಿಮ್ಮದು?"

"ಬಿಚ್ಚತೀನಿ ತಗೋ."

"ಯಾವಾಗ್ರಿ?"

"ನಾಳಿಗೆ."

ನನ್ನ ಮ್ಯಾಲ ಆಕಿ ಜೋರು ನಡೀತಿರಲಿಲ್ಲ. ಒಂದು ಸಲ ನನ್ನ ಬೋಳು ಮುಂಗೈ ಹಿಡಿದು, ಬಳಿ ಇಡೋರಂಗ ಒತ್ತಿ ನೋಡಿ ನಕ್ಕಳು. "ಈ ಕೈಯಾಗ ಹಿಡಿಯಾಕ ಏನೂ ಇಲ್ರಿ ಬಾಯಿ. ನಿಮ್ಮ ಸೊಸಿ ಬರಲಿ, ಆವಾಗ ನೋಡ್ತೀನಿ" ಅಂದಳು. ನಾನೂ ನಕ್ಕೆ.

ಸೊಸಿ ಬಂದಳು. ನನ್ನ ಮಗ ಲಾರಿ ಡ್ರೈವರ್, ತಿಂಗಳಾಗ ಹತ್ತು ದಿನ ಮನ್ಯಾಗ ಇದ್ದರ ಹೆಚ್ಚು. ಸೊಸೀದು ತವರು ಹುಲಸೂರ. ಚಲೋ ಹುಡುಗಿ, ನನಕಿಂತ ಕಮ್ಮಿ ಮಾತು. ಬಂದ ವರ್ಷ ಪಂಚಮಿಗೆ ತವರಿಗೆ ಹೋದಳು, ಅಲ್ಲೇ ಬಳಿ ಇಟ್ಟು ಕಳಿಸಿದರು. ಹಂಗಾಗಿ ಬೂಬು ಕೈಗೆ ಸಿಕ್ಕಿರಲಿಲ್ಲ. ಬೂಬು ಬಂದಾಗೊಮ್ಮಿ ಆಕಿ ಕೈ ನೋಡತಿದ್ದಳು, ತಂತಿ ನೋಡತಿದ್ದಳು. ಸೊಸಿ ಅರಿವಿ ತರಾಕ ಅಂಗಳಕ್ಕ ಇಳದರ ಬೂಬುನ ಮಾತು ಅರ್ಧಕ್ಕ ನಿಲ್ತಿತ್ತು. ಆಕಿ ಅರಿವಿ ತಗೊಂಡು ಒಳಗ ಬಂದ ಮ್ಯಾಲ ಮತ್ತ ಸುರು ಆಗ್ತಿತ್ತು.

ಸೊಸಿ ಬಸರಾಗಿ ಏಳು ತಿಂಗಳಾತು. ಕುಬಸ ಇಟ್ಟೆವು. ಹಸರ ಬಳಿ ಇಡಾಕ ಬೂಬುಗೆ ಹೇಳಿ ಕಳಿಸಿದಾಕಿ ನಾನೇ. ಸೊಸೀನ್ನ ಕಳಕೊಂಡಾಕಿ ಕೈಲೆ ನನ್ನ ಸೊಸಿಗೆ ಬಳಿ ಇಡಸೋದು ಬ್ಯಾಡ ಅಂತ ನನಗ ಅನ್ನಿಸಲಿಲ್ಲ. ನಾ ಅಂಥಾವೆಲ್ಲ ನಂಬೋಕಿ ಅಲ್ಲ ಅಂತ ತಿಳಕೊಂಡಿದ್ದೆ.

ಹುಲಸೂರಿಂದ ಬೀಗತಿ ಬಂದರು. ಅವರ ತಂಗಿ ಹುಮನಾಬಾದಕ್ಕ ಕೊಟ್ಟಾಕಿ, ಆಕೀನೂ ಬಂದಳು. ಓಣಿ ಹೆಣಮಕ್ಕಳು ಪಡಸಾಲಿ ತುಂಬ. ಉಡಿ ತುಂಬೋದು, ಆರತಿ ಬೆಳಗೋದು ಮುತ್ತೈದೇರ ಕೆಲಸ, ಅದಕ್ಕ ನಾ ಅಡಗಿಮನಿ ಬಾಗಲಾಗ ಗ್ವಾಡಿಗೆ ಹತ್ತಿ ಕುಂತಿದ್ದೆ. ನನ್ನ ಮನಿ, ನನ್ನ ಮಗನ ಹೆಂಡತಿ, ನನ್ನ ಖರ್ಚು, ಆದರ ನಾ ಬಾಗಲಾಗ. ಅದೇನೂ ಹೊಸಾದಲ್ಲ, ರೂಢಿ ಆಗಿತ್ತು. ಅವತ್ತು ಬೀಗತಿ ಬಂದ ಕೂಡಲೇ, "ನೀವು ಅಲ್ಲೇ ಕೂಡ್ರಿ, ನಾವು ನೋಡಕೋತೀವಿ" ಅಂದದ್ದು ಮಾತ್ರ ಚುಚ್ಚಿತ್ತು.

ಬೂಬು ಒಗದ ಸೀರಿ ಉಟ್ಟು ಬಂದಿದ್ದಳು. ಸೊಸಿ ಮುಂದ ಕುಂತು ಕೈ ನಾದಿದಳು. "ಬಿಗಿ ಹಿಡೀಬ್ಯಾಡ ಬೇಟಿ, ಕೂಸಿಗೆ ಗೊತ್ತಾಗ್ತದ" ಅಂದಳು. ಸೊಸಿ ನಕ್ಕಳು. ಬಳಿ ಒಂದೊಂದೇ ಏರಿದವು. ಹುಡಿಗ್ಯಾರು ಹಾಡು ಹೇಳಾಕತ್ತಿದ್ದರು. ಒಂದು ಕೈ ತುಂಬಿತು. ಬೂಬು ಕೈ ಒರಸಿಕೊಂಡು ಮಡಲಾಗ ಇಟ್ಟುಕೊಂಡಳು.

ಓಣಿ ಹೆಣಮಕ್ಕಳಿಗೆ ಗೊತ್ತಾತು. "ಸುರು ಮಾಡಿದಳು ನೋಡು" ಅಂತ ಒಬ್ಬಾಕಿ ಅಂದಳು. ಗೌಂಡಿ ಹೆಂಡತಿ ನನ್ನ ಕಡೆ ನೋಡಿ, "ಬಿಚ್ಚು ದೊಡ್ಡವ್ವಾ, ನಮ್ಮದೆಲ್ಲ ಬಿಚ್ಚಿಸ್ಯಾಳ, ನಿಂದೊಂದೇ ಉಳದದ. ಇಲ್ಲಂದರ ಸೊಸಿ ಒಂಟಿಗೈಲೇ ಹಡೀತಾಳ" ಅಂದಳು. ಎಲ್ಲಾರೂ ನಕ್ಕರು.

"ನಾಳಿಗೆ ಬಿಚ್ಚತೀನಿ. ಮೊದಲು ಬಳಿ ಇಡು" ಅಂದೆ.

"ನಿಮ್ಮ ನಾಳಿ ನನಗ ಗೊತ್ತದ್ರಿ ಬಾಯಿ" ಅಂದಳು ಬೂಬು. ಮತ್ತ ನಗಿ.

ಬೀಗತಿಗೆ ತಿಳೀಲಿಲ್ಲ. ಏನಿದು ಅಂದರು. ಗೌಂಡಿ ಹೆಂಡತಿ ಬಿಡಿಸಿ ಹೇಳಿದಳು: ಬೂಬು ಹಿಂಗೇ, ತಂತಿ ಕಂಡರ ಆಗೋದಿಲ್ಲ. ಅಷ್ಟರಾಗ ಬೀಗತಿ ತಂಗಿ, ಹುಮನಾಬಾದಾಕಿ, ಬೂಬುನ ಮಾರಿ ದಿಟ್ಟಿಸಿ ನೋಡಾಕತ್ತಿದ್ದಳು.

"ನಿನ್ನ ಮನಿ ಹುಮನಾಬಾದ ಏನು?"

"ಹೌದ್ರಿ."

"ತಗಡಿನ ಮನಿ? ಸೊಸಿ ಮಳ್ಯಾಗ ಕರೆಂಟ್ ಹಿಡಿದು ಸತ್ತಳಲ್ಲ, ಆ ಮನಿ?"

ಬೂಬು, "ಹೌದ್ರಿ" ಅಂದಳು.

ಹಾಡು ನಿಂತಿತು. ಬೀಗತಿ ಮಗಳ ಕೈ ಹಿಡಿದು ಹಿಂದಕ್ಕ ಎಳಕೊಂಡರು. "ಇಂಥಾಕಿ ಕೈಲೆ ನನ್ನ ಮಗಳಿಗೆ ಹಸರ ಬಳಿ ಇಡಸಾಕತ್ತೀರೇನು?" ಅಂತ ಮೊದಲು ಎಲ್ಲಾರಿಗೂ ಕೇಳಿದರು. ಆಮ್ಯಾಲ ಬಾಗಲದ ಕಡೆ ತಿರುಗಿ ನನಗ ಕೇಳಿದರು:

"ನಿಮಗ ಗೊತ್ತಿತ್ತೇನ್ರಿ ಬೀಗತಿ?"

ಎಲ್ಲಾರೂ ನನ್ನ ನೋಡಿದರು. ಬೂಬು ನೋಡಲಿಲ್ಲ. ಆಕಿ ಬಳಿ ಕಟ್ಟಿದ ದಾರ ಬೆರಳಿಗೆ ಸುತ್ತಾಕತ್ತಿದ್ದಳು. ಗೊತ್ತಿತ್ತು, ಗೊತ್ತಿದ್ದೇ ಕರದೀನಿ ಅನ್ನೋದು ಎಷ್ಟೊತ್ತಿನ ಮಾತು. ಆದರ ಗಂಡ ಸತ್ತಾಕಿ, ಬಾಗಲಾಗ ಕುಂತಾಕಿ, ಬೇಕಂತಲೇ ಇಂಥಾಕೀನ್ನ ಕರಸಿದಳು ಅಂತ ಹುಲಸೂರ ತನಕ ಹೇಳ್ತಾರ ಅಂತ ಕಂಡಿತು. ಮಗಳನ್ನ ಇವತ್ತೇ ಕರಕೊಂಡು ಹೋಗ್ತೀನಿ ಅಂದರ ಹ್ಯಾಂಗ ಅಂತ ಅನ್ನಿಸಿತು.

"ಇಲ್ರಿ. ಗೊತ್ತಿದ್ದರ ಕರೀತಿದ್ದೆನೇನು?" ಅಂದೆ.

ಬೂಬು ದಾರ ಸುತ್ತೋದು ನಿಲ್ಲಿಸಿದಳು. ನನ್ನ ಬಾಯಿಂದ ಸುಳ್ಳು ಆಕಿ ಅದೇ ಮೊದಲು ಕೇಳಿದ್ದು. ನಾ ಈಗ ಬೈತಾಳ ಅಂದುಕೊಂಡೆ. ಬೈದಿದ್ದರ ಬೇಕಾಗಿತ್ತು.

"ಬಾಯಿಗೆ ಗೊತ್ತಿಲ್ರಿ" ಅಂತ ಬೀಗತಿಗೆ ಹೇಳಿದಳು. "ನಾನೇ ಮುಚ್ಚಿಟ್ಟಿದ್ದೆ. ಯಾಪಾರ ಹೋಗ್ತದಂತ. ತಪ್ಪು ನಂದು."

ಮೊದಲೇ ಹೊತ್ತದ್ದರ ಮ್ಯಾಲ ನಂದೂ ಹೊತ್ತಳು. ನಾ ಬಾಗಲಾಗ ಹಂಗೇ ಕುಂತಿದ್ದೆ.

ಬೀಗತಿ ಮಗಳ ಕೈಯಿಂದ ಬಳಿ ಜಗ್ಗಾಕ ಹತ್ತಿದರು. ಅವು ಬರಲಿಲ್ಲ, ಬಿಗಿ ಇದ್ದವು. ಸೊಸಿ ನೋವಿಗೆ ಕಣ್ಣು ಮುಚ್ಚಿದಳು. ಬೂಬು ಮುಂದಕ್ಕ ಸರದು, "ನೀವು ತಗದರ ಒಡೀತಾವ್ರಿ. ಕುಬಸದಾಗ ಬಳಿ ಒಡೀಬಾರದು. ನಾನೇ ತಗೀತೀನಿ, ಆಮ್ಯಾಲ ಹೋಗ್ತೀನಿ" ಅಂದಳು. ಬೀಗತಿಗೆ ಬಿಡಾಕ ಮನಸ್ಸಿಲ್ಲ, ಆದರ ಬ್ಯಾರೆ ದಾರಿ ಇರಲಿಲ್ಲ. ಬೂಬು ಆ ಕೈ ಮತ್ತ ಹಿಡಿದಳು. ಮತ್ತ ಹಂಗೇ ನಾದಿದಳು. ಇಟ್ಟದ್ದಕ್ಕಿಂತ ಸಾವಕಾಶ ಒಂದೊಂದೇ ತಗದಳು. ಒಂದೂ ಒಡೀಲಿಲ್ಲ. ತಗಿಯೋ ಮುಂದ ಬಗ್ಗಿ ಸೊಸಿಗೆ ಹೇಳಿದಳು, ಮೆಲ್ಲಕ ಹೇಳಿದರೂ ಪಡಸಾಲಿ ಅಷ್ಟು ಸುಮ್ಮ ಇತ್ತು, ಎಲ್ಲಾರಿಗೂ ಕೇಳಿತು:

"ಬೇಟಿ, ಮಳಿ ಬಂದರ ಅರಿವಿ ತೋಯಲಿ. ಅತ್ತಿ ಬೈದರ ಬೈಲಿ. ನೀ ಇಳೀಬ್ಯಾಡ. ತೋಯ್ದದ್ದು ಮತ್ತ ಒಣಗತದ."

ಸೊಸಿ ಗೋಣು ಹಾಕಿದಳು. ಬೂಬು ಬಳಿ ದಾರಕ್ಕ ಪೋಣಿಸಿ, ಗಂಟು ಕಟ್ಟಿ, ಬಾಗಲಾಗ ಕುಂತ ನನ್ನ ಮುಂದೇ ಹಾದು ಹೋದಳು. "ಬರ್ತೀನ್ರಿ ಬಾಯಿ" ಅಂದಳು. ನಾ "ಹೂಂ" ಅಂದೆ. ಅಷ್ಟೇ ಆಕಿಗೂ ನನಗೂ ಆದ ಕಡೀ ಮಾತು.

ಪ್ಯಾಟಿಗೆ ಆಳು ಕಳಿಸಿ ಹಸರ ಬಳಿ ತರಿಸಿದರು. ಬೀಗತಿ ತಂಗಿ ತಾನೇ ಇಡತೀನಿ ಅಂದಳು. ಮೊದಲನೇ ಕೈಯಾಗೇ ಒಂದು ಚಟ್ ಅಂತು, ಸೊಸಿ ಮುಂಗೈಗೆ ರಕ್ತ ಬಂತು. ಚೂರು ಆಯ್ದು ಸೆರಗಿನಾಗ ಮುಚ್ಚಿಟ್ಟರು.

ಆಮ್ಯಾಲ ಬೂಬು ನಮ್ಮ ಓಣಿಗೆ ಬರಲಿಲ್ಲ. ಬ್ಯಾರೆ ಓಣಿಗೆ ಬರ್ತಾಳ ಅಂತ ಒಂದಷ್ಟು ದಿನ ಕೇಳಿದೆ. ಅಲ್ಲೂ ಕುಬಸಕ್ಕ, ಲಗ್ನಕ್ಕ ಕರೆಯೋರು ಕಮ್ಮಿ ಆದರಂತ. ನಮ್ಮ ಪಡಸಾಲಿಯಿಂದ ಹೋದ ಮಾತು, ಹಬ್ಬಾಕ ಎಷ್ಟೊತ್ತು. ಹುಮನಾಬಾದಕ್ಕ ನಾ ಎಷ್ಟೋ ಸಲ ಹೋಗೀನಿ, ದವಾಖಾನಿಗೆ, ಲಗ್ನಕ್ಕ. ಬಸ್ಸು ಇಳದು ಆಕಿ ಮನಿ ಎಲ್ಲಿ ಅಂತ ಒಬ್ಬರಿಗೂ ಕೇಳಲಿಲ್ಲ. ಕೇಳಿದ್ದರ ತೋರಸತಿದ್ದರು. ಹೋಗಿ ಏನ್ ಹೇಳಲಿ ಅನ್ನೋದು ಒಂದು ನೆವ. ಆಕಿ ನನ್ನ ಕೇಳಾಕ ಬಂದಾಗ ಏನ್ ಕೇಳಬೇಕು ಅಂತ ಆಕಿಗೆ ಗೊತ್ತಿತ್ತು. ಬಂದಳು, ಕೇಳಿದಳು, ನಾ ಹೇಳಿದ್ದು ಕೇಳಿ ಎದ್ದು ಹೋದಳು. ಅಷ್ಟು ಗಟ್ಟಿತನ ನನಗ ಇರಲಿಲ್ಲ. ಇನ್ನೊಬ್ಬರ ತಪ್ಪು ಹೇಳಾಕ ನನ್ನ ಬಾಯಿ ನೆಟ್ಟಗ ಅದ. ಹೊಸ ಬಳಿಗಾರಕಿ ಸುದ್ದಿ ಹೇಳಿದಾಗ, ಇನ್ನ ಹೋಗೋದೇನೂ ಉಳೀಲಿಲ್ಲ ಅಂತ ಒಂದು ಚೂರು ಹಗೂರ ಅನ್ನಿಸಿತು. ಅದೂ ಬರದು ಬಿಡ್ತೀನಿ.

ಸೊಸಿ ಹುಲಸೂರಿನ್ಯಾಗ ಹಡದಳು, ಹೆಣ್ಣು ಕೂಸು. ಈಗ ಸಾಲಿಗೆ ಹೋಗ್ತದ. ಎಲ್ಲಾರೂ ಆರಾಮ ಇದ್ದೀವಿ.

ಕುಬಸದ ಮರುದಿನ ಮುಂಜಾನಿ ಬೀಗತಿ, ಅವರ ತಂಗಿ ಇನ್ನೂ ಮಲಗಿದ್ದರು. ನಾ ಎದ್ದು ಮೊದಲು ಮೇನ್ ಬಂದ್ ಮಾಡಿದೆ. ಅಂಗಳಕ್ಕ ಸ್ಟೂಲ್ ತಂದು ಹತ್ತಿ, ಪೈಪಿಗೆ ಸುತ್ತಿದ್ದ ತಂತಿ ಬಿಚ್ಚಿದೆ. ನನ್ನ ಗಂಡ ಸುತ್ತಿದ್ದು, ಬಿಗಿ ಇತ್ತು, ಬೆರಳು ಕೊಯ್ತು. ತಂತಿ ಇನ್ನೂ ಬೆಳ್ಳಗ ಹೊಳೀತಿತ್ತು, ಒಂದು ಕಡೆ ಸೈತ ತುಕ್ಕು, ಜಂಗ ಹತ್ತಿರಲಿಲ್ಲ. ಸುರುಳಿ ಸುತ್ತಿ ಹಿಂದಿನ ಬಾಗಲಾಗ ಇಡಾಕ ಹೊಂಟಿದ್ದೆ. ಎದುರಿಗೆ ಗೌಂಡಿ ಹೆಂಡತಿ ಬಾಗಲಿಗೆ ನೀರು ಹಾಕಾಕತ್ತಿದ್ದಳು. ಕೊಡ ಕೆಳಗಿಟ್ಟು ನೋಡಿದಳು.

"ಬಿಚ್ಚಿದೇನು ದೊಡ್ಡವ್ವಾ? ಕಡೀಗೂ ಬೂಬು ಮಾತು ಕೇಳಿದಿ ಅನ್ನು."

"ಆಕಿ ಮಾತು ನಾ ಯಾಕ ಕೇಳಲಿ" ಅಂದೆ. "ಜಂಗ ಹಿಡದಿತ್ತು, ಬಿಚ್ಚಿದೆ."